ಗೇರ್‌ಬಾಕ್ಸಿನ ಸೋರಿಕೆ: ಮೊದಲು ಶೋಧನೆ, ಅನಂತರ ದುರಸ್ತಿ

ಜನರಲ್ ಮೋಟಾರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ‘ಹೈಡ್ರಾ-ಮ್ಯಾಟಿಕ್’ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯಿಸಿದ ಸ್ವಯಂಚಾಲಿತ ಗೇರ್‌ಬಾಕ್ಸು ಅಂದಿನಿಂದ ಎಷ್ಟೋ ರೂಪಾಂತರಗಳನ್ನು ಹೊಂದಿದ್ದರೂ ಅದರ ಪ್ರಾಣಾಧಾರ ಮಾತ್ರ ಒಳಗೆ ಹರಿಯುವ ತೈಲವೇ ಆಗಿ ಉಳಿದಿದೆ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರಿನ ಮೂಲಕ ಸಾಗಿಸುವುದೂ, ಒತ್ತಡದಿಂದ ಕ್ಲಚ್ಚುಗಳನ್ನು ಬಿಗಿಹಿಡಿಯುವುದೂ, ತಿರುಗುವ ಅಂಗಗಳ ಘರ್ಷಣೆಯನ್ನೂ ತಾಪವನ್ನೂ ಶಮನಗೊಳಿಸುವುದೂ ಅದೊಂದರದೇ ಹೊಣೆಯಾದ್ದರಿಂದ, ಮಟ್ಟ ಕುಗ್ಗಿದೊಡನೆ ಗೇರು ಜಾರತೊಡಗುತ್ತದೆ, ಕ್ಲಚ್ಚಿನ ಫಲಕಗಳು ಸುಡುತ್ತವೆ. ಎಂಜಿನ್ ಆಯಿಲಿನಂತೆ ಇದು ಸಾಮಾನ್ಯವಾಗಿ ಉರಿದು ವ್ಯಯವಾಗುವುದಿಲ್ಲ. ಕಡಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದೇ ತಿಳಿಯಬೇಕು. ಸೋರಿಕೆಯ ಮೂಲವನ್ನು ಅರಸದೆ ತೈಲವನ್ನು ಮೇಲಿಂದ ಮೇಲೆ ತುಂಬುವುದು ದುರಸ್ತಿಯಲ್ಲ, ಕೇವಲ ಕಾಲಹರಣ.

ರಾತ್ರಿ ಕಾರಿನ ಕೆಳಗೆ ಒಂದು ರಟ್ಟನ್ನು ಹಾಸಿಡುವುದು ಶೋಧನೆಯ ಪ್ರಥಮ ಸೋಪಾನ. ಬೆಳಗ್ಗೆ ಅದರ ಮೇಲಿನ ಕಲೆ ಕೆಂಪಾಗಿದ್ದರೆ ಅದು ಪ್ರಾಯಶಃ ಗೇರ್‌ಬಾಕ್ಸಿನದು. ಹಳತಾದಾಗ ಕಂದುಬಣ್ಣಕ್ಕೆ ತಿರುಗುವುದೂ ಉಂಟು. ಕೆಲವು ಕೂಲಂಟುಗಳೂ ಕೆಂಪಾಗಿರುತ್ತವೆಯಾದರೂ ಅವು ನೀರಿನಂತೆ ತೆಳುವಾಗಿದ್ದು ಬೆರಳಿಗೆ ಎಣ್ಣೆಯ ಜಿಡ್ಡನ್ನು ಹತ್ತಿಸುವುದಿಲ್ಲ. ತೊಟ್ಟು ಬಿದ್ದ ಸ್ಥಳವೇ ಸೋರಿದ ಸ್ಥಳವೆಂದು ಭ್ರಮಿಸಲಾಗದು. ತೈಲವು ಕೆಳಕ್ಕೆ ಜಿನುಗುವುದರ ಜೊತೆಗೆ, ಓಡುವಾಗ ಗಾಳಿಯ ಸೆಳೆತಕ್ಕೆ ಹಿಂದಕ್ಕೂ ಹರಡುತ್ತದೆ. ಆದಕಾರಣ ತಳಭಾಗವನ್ನು ಚೆನ್ನಾಗಿ ತೊಳೆದೊರಸಿ, ಕೊಂಚ ದೂರ ಓಡಿಸಿ, ಟಾರ್ಚಿನ ಬೆಳಕಿನಲ್ಲಿ ಒದ್ದೆಯಾದ ಅತ್ಯಂತ ಮೇಲಿನ ಬಿಂದುವನ್ನು ಹುಡುಕಬೇಕು. ತೈಲ ನಿಲ್ಲುವ ತಳದ ಪ್ಯಾನಿನ ಗ್ಯಾಸ್ಕೆಟ್, ಡ್ರೈನ್ ಪ್ಲಗ್ಗಿನ ವಾಷರ್, ಕೂಲರಿಗೆ ಹೋಗುವ ಪೈಪುಗಳ ಸಂದು, ಆಕ್ಸಲ್ ಹೊರಬರುವೆಡೆಯ ಸೀಲು: ಸಂಶಯಕ್ಕೆ ಪಾತ್ರವಾದ ಸ್ಥಾನಗಳು ಮುಖ್ಯವಾಗಿ ಇವು.

ಇವುಗಳಲ್ಲಿ ಮೊದಲಿನ ಎರಡು ಮನೆಯ ದುರಸ್ತಿಗೆ ಒದಗುವಂಥವು. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಚಕ್ರಗಳಿಗೆ ಅಡೆಯಿಟ್ಟು, ಜಾಕಿಯಿಂದ ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ಇಳಿಸದೆ ಯಾರೂ ಅಡಿಗೆ ತೂರತಕ್ಕದ್ದಲ್ಲ. ಜಾಕಿಯೊಂದನ್ನೇ ನಂಬುವುದು ಪ್ರಾಣಾಪಾಯ. ಬಿಸಿ ತೈಲ ಚರ್ಮವನ್ನು ಸುಡುವುದರಿಂದ ಗೇರ್‌ಬಾಕ್ಸು ಆರಿದ ಬಳಿಕ ತೈಲವನ್ನಿಳಿಸಿ, ಪ್ಯಾನನ್ನು ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಲೋಹಕ್ಕೆ ಗೀರು ಬೀಳದಂತೆ ತೆಗೆದು ಹೊಸದನ್ನು ಕೂರಿಸಬೇಕು. ಬೋಲ್ಟುಗಳನ್ನು ಎದುರುಬದಿರಾಗಿ, ಹಂತಹಂತವಾಗಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಅನೇಕ ಕಾರುಗಳಲ್ಲಿ ಅದು 10 ನ್ಯೂಟನ್ ಮೀಟರಿನ ಆಸುಪಾಸಿನ ಅಲ್ಪ ಬಲ. ಹೆಚ್ಚು ಬಿಗಿದರೆ ಹೆಚ್ಚು ಭದ್ರವೆಂಬ ನಂಬಿಕೆಯೇ ಪ್ಯಾನಿನ ಅಂಚನ್ನು ಬಾಗಿಸಿ, ಗ್ಯಾಸ್ಕೆಟ್ಟನ್ನು ಹಿಂಡಿ, ಹೊಸ ಸೋರಿಕೆಗೆ ದಾರಿಯಾಗುತ್ತದೆ.

ತುಂಬಬೇಕಾದ ತೈಲದ ವಿಷಯದಲ್ಲಿ ಔದಾರ್ಯ ಸಲ್ಲದು. ಸಿವಿಟಿ ಎಂಬ ಬಗೆಯ ಸ್ವಯಂಚಾಲಿತ ಗೇರ್‌ಬಾಕ್ಸಿಗೆ ಅದರದೇ ದ್ರವ ಬೇಕು. 2014ರಲ್ಲಿ ಮಾರುತಿ ಸೆಲೆರಿಯೊದೊಡನೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಎಂಬ ಬಗೆಯಾದರೋ ಮೂಲತಃ ಕೈಯಿಂದ ಬದಲಿಸುವ ಸಾಧಾರಣ ಗೇರ್‌ಬಾಕ್ಸೇ ಆದ್ದರಿಂದ ಈ ಕೆಂಪು ತೈಲ ಅದಕ್ಕೆ ಹೇಳಿದ್ದಲ್ಲ. ಡಿಪ್‌ಸ್ಟಿಕ್ ಇರುವ ಬಹುತೇಕ ಕಾರುಗಳಲ್ಲಿ ಮಟ್ಟವನ್ನು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ನೋಡಬೇಕು. ಕೆಲವುಗಳಲ್ಲಿ ನಿಲ್ಲಿಸಿ ನೋಡಬೇಕೆಂಬ ವಿಧಿಯಿರುವುದರಿಂದ ಕೈಪಿಡಿಯೇ ಪ್ರಮಾಣ. ಮಿತಿಮೀರಿ ತುಂಬಿದರೆ ತೈಲ ನೊರೆಗಟ್ಟಿ ಒತ್ತಡ ಕಳೆದುಕೊಳ್ಳುತ್ತದೆ.

ಎಂಜಿನ್ನೂ ಗೇರ್‌ಬಾಕ್ಸೂ ಕೂಡುವೆಡೆಯಿಂದ ತೈಲ ಒಸರುತ್ತಿದ್ದರೆ ಮುಂಭಾಗದ ಪಂಪಿನ ಸೀಲು ಕೆಟ್ಟಿರುವ ಸಂಭವ ಹೆಚ್ಚು. ಅದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕಾದುದರಿಂದ ಅನುಭವಿ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಒಯ್ಯುವುದೇ ವಿವೇಕ. ಸೀಲನ್ನು ಉಬ್ಬಿಸುವ ರಾಸಾಯನಿಕಗಳಿಂದ ಸಿಗುವುದು ತಾತ್ಕಾಲಿಕ ಉಪಶಮನ ಮಾತ್ರ. ಇಳಿಸಿದ ಹಳೆಯ ತೈಲವನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯದೆ, ಡಬ್ಬದಲ್ಲಿ ಮುಚ್ಚಿಟ್ಟು, ಬಳಸಿದ ತೈಲವನ್ನು ಸಂಗ್ರಹಿಸುವವರಿಗೆ ತಲಪಿಸಬೇಕು. ನಮ್ಮ ಕಾರನ್ನು ಉಳಿಸಿಕೊಳ್ಳುವ ಕಾರ್ಯವು ನೆರೆಯವರ ಬಾವಿಯ ನೀರನ್ನು ಕೆಡಿಸುವಂತಾಗಬಾರದು.