ಸೊಪ್ಪು ಮುರಿಯುವ ಕಾಲದ ತಲೆಸುತ್ತು

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವಾಣಿಜ್ಯವು ಬಹುಮಟ್ಟಿಗೆ ಹೊಗೆಸೊಪ್ಪನ್ನು ಅವಲಂಬಿಸಿದೆ ಎಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ. ಗೊಬ್ಬರದ ಅಂಗಡಿಯಿಂದ ಲಾರಿ ಸಾಗಣೆಯವರೆಗೆ ಎಲ್ಲರ ಲೆಕ್ಕವೂ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜಿನ ದರದ ಮೇಲೆ ನಿಂತಿರುತ್ತದೆ. ಎಲೆಯ ಬಣ್ಣ, ತೇವಾಂಶ, ದರ್ಜೆಗಳನ್ನು ಇಷ್ಟು ಸೂಕ್ಷ್ಮವಾಗಿ ಪರೀಕ್ಷಿಸುವ ನಾವು ಆ ಎಲೆಯನ್ನು ಮುರಿದು ತಂದವರ ದೇಹಸ್ಥಿತಿಯನ್ನು ವಿಚಾರಿಸುವುದು ಅಪರೂಪ.

ಮುಂಗಾರಿನ ತಿಂಗಳುಗಳಲ್ಲಿ ಹಸಿ ಸೊಪ್ಪು ಮುರಿದವರಿಗೆ ಸಂಜೆಯ ಹೊತ್ತಿಗೆ ತಲೆಸುತ್ತು, ಓಕರಿಕೆ, ವಾಂತಿ, ಹೊಟ್ಟೆನೋವು, ನಿಶ್ಶಕ್ತಿ ಕಾಣಿಸಿಕೊಳ್ಳುವುದುಂಟು. ಪಿತ್ತವೆಂದೋ ಬಿಸಿಲಿನ ಬಾಧೆಯೆಂದೋ ತಿಳಿದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವುದು ವಾಡಿಕೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಹಸಿರು ತಂಬಾಕು ಬೇನೆ’ ಎಂದು ಹೆಸರಿದೆ. ಅಮೆರಿಕದ ಫ್ಲೋರಿಡಾದ ಕೂಲಿಕಾರರಲ್ಲಿ ಕಂಡ ಈ ಬೇನೆಯ ವರದಿ 1970ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಗುಜರಾತಿನ ತಂಬಾಕು ಕಾರ್ಮಿಕರಲ್ಲಿ ಇದನ್ನು ಅಧ್ಯಯನ ಮಾಡಿದೆ.

ಕಾರಣ ಸರಳವಾದುದು. ಎಲೆಯಲ್ಲಿರುವ ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಇಬ್ಬನಿ, ತುಂತುರು ಮಳೆ ಅಥವಾ ಬೆವರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತವನ್ನು ಸೇರುತ್ತದೆ. ನಮ್ಮಲ್ಲಿ ಮಾಗಿದ ಎಲೆಗಳನ್ನು ಕೆಳಗಿನಿಂದ ಎರಡು ಮೂರರಂತೆ, ಹಲವು ವಾರಗಳ ಕಾಲ ಕೈಯಿಂದಲೇ ಮುರಿದು ಕಂಕುಳಲ್ಲಿ ಅವುಚಿಕೊಂಡು ಸಾಗಿಸುವುದರಿಂದ ಸಂಪರ್ಕವು ಹೆಚ್ಚು. ನೆನೆದ ಅಂಗಿಯಲ್ಲಿಯೇ ಸಂಜೆಯವರೆಗೆ ದುಡಿದರೆ ಆ ಅಂಗಿಯೇ ವಿಷದ ಪಟ್ಟಿಯಾಗುತ್ತದೆ.

ಬಾಧೆಯು ಕೆಲಸದ ಹಲವು ಗಂಟೆಗಳ ಬಳಿಕ, ಕೆಲವೊಮ್ಮೆ ರಾತ್ರಿ ಆರಂಭವಾಗುವುದೇ ಗೊಂದಲಕ್ಕೆ ಮೂಲ. ಮಧ್ಯಾಹ್ನದ ಊಟವನ್ನು ಶಂಕಿಸುತ್ತಾರೆಯೇ ಹೊರತು ಬೆಳಗಿನ ಎಲೆಯನ್ನಲ್ಲ. ತೀವ್ರವಾದ ಬಿಸಿಲಿನ ಹೊಡೆತದಲ್ಲಿ ಮೈ ಕಾದು ಸುಡುತ್ತದೆ. ಇಲ್ಲಿ ಸಾಮಾನ್ಯವಾಗಿ ಜ್ವರವಿರದು. ಕೀಟನಾಶಕದ ವಿಷವೇರಿದಾಗ ಜೊಲ್ಲು ಸುರಿದು ಕಣ್ಣಿನ ಪಾಪೆ ಕಿರಿದಾಗಬಹುದು. ಹಾಗಿದ್ದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಮಕ್ಕಳಿಗೂ ತಂಬಾಕಿನ ಅಭ್ಯಾಸವಿಲ್ಲದ ಹೆಂಗಸರಿಗೂ ಹಸಿರು ಬೇನೆ ಬೇಗ ತಗಲುತ್ತದೆ. ಬೀಡಿ ಸೇದುವವರಿಗೆ ಬಾಧೆ ಕಡಿಮೆಯಿರುವುದುಂಟು. ಅದು ಬೀಡಿಗೆ ಸಿಕ್ಕ ಪ್ರಮಾಣಪತ್ರವಲ್ಲ, ದೇಹವು ವಿಷಕ್ಕೆ ಒಗ್ಗಿಹೋಗಿರುವುದರ ಲಕ್ಷಣ.

ಲಕ್ಷಣ ಕಂಡೊಡನೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಸಾಬೂನಿನಿಂದ ಮೈ ತೊಳೆದು, ನೀರು ಕುಡಿಸಿ ವಿಶ್ರಾಂತಿ ಕೊಡಬೇಕು. ಬಹುಪಾಲು ಒಂದೆರಡು ದಿನಗಳಲ್ಲಿ ಶಮನವಾಗುತ್ತದೆ. ವಾಂತಿ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ ಅಥವಾ ಎದೆಬಡಿತ ಏರುಪೇರಾದರೆ ಆಸ್ಪತ್ರೆಗೆ ಸೇರಿಸಬೇಕು.

ಇಬ್ಬನಿ ಆರಿದ ಮೇಲೆ ಎಲೆ ಮುರಿಯುವುದು ಮೊದಲ ಉಪಾಯ. ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ ಬ್ಯಾರನ್ ತುಂಬಿಸುವ ಅವಸರದಲ್ಲಿರುವ ಮಾಲೀಕರಿಗೆ ಇದು ರುಚಿಸದಿರಬಹುದು. ಆದರೆ ಎರಡು ಗಂಟೆ ಕಾಯುವುದಕ್ಕಿಂತ ಎರಡು ಆಳು ಹಾಸಿಗೆ ಹಿಡಿಯುವುದು ದುಬಾರಿ. ಹತ್ತಿಯ ಕೈಚೀಲವು ನೆನೆದು ವಿಷವನ್ನು ಚರ್ಮಕ್ಕೆ ಅಂಟಿಸುವುದರಿಂದ ನೀರು ಹೀರದ ಕೈಚೀಲವೇ ಲೇಸು. ಮಳೆಯಂಗಿಯೂ ಪ್ರಯೋಜನಕಾರಿ, ಆದರೆ ಬಿಸಿಲೇರಿದ ಮೇಲೆ ಅದರೊಳಗೆ ಮೈ ಬೇಯುವುದರಿಂದ ಆಗಾಗ್ಗೆ ನೆರಳು, ನೀರು ಒದಗಿಸಬೇಕಾಗುತ್ತದೆ. ತೋಟದಂಚಿನಲ್ಲಿ ಒಂದು ಡ್ರಮ್ ನೀರು ಮತ್ತು ಸಾಬೂನು ಇರಿಸುವ ಖರ್ಚು ಅತ್ಯಲ್ಪ. ಊಟಕ್ಕೆ ಕೂರುವ ಮುನ್ನ ಕೈಯಷ್ಟೇ ಅಲ್ಲದೆ ಮೊಣಕೈವರೆಗೂ ತೊಳೆಯುವಂತೆ ನೋಡಿಕೊಳ್ಳಬೇಕು.

ವೈದ್ಯರ ಬಳಿಗೆ ಹೋದಾಗ ಹಸಿ ತಂಬಾಕು ಮುರಿದ ಸಂಗತಿಯನ್ನೂ, ಎಲೆ ಒದ್ದೆಯಾಗಿತ್ತೇ, ಇತ್ತೀಚೆಗೆ ಔಷಧಿ ಸಿಂಪಡಿಸಲಾಗಿತ್ತೇ ಎಂಬುದನ್ನೂ ತಪ್ಪದೆ ತಿಳಿಸತಕ್ಕದ್ದು.