ವಾರಂಟು ಹೇಗ್‌ನದು, ಕೈ ಯಾರದು?

ನ್ಯಾಯದೇವತೆಯ ಒಂದು ಕೈಯಲ್ಲಿ ತಕ್ಕಡಿಯನ್ನೂ ಇನ್ನೊಂದು ಕೈಯಲ್ಲಿ ಖಡ್ಗವನ್ನೂ ಇಡುವುದು ಶಿಲ್ಪಿಗಳ ರೂಢಿ. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ತಕ್ಕಡಿ ಉಂಟು, ಖಡ್ಗವಿಲ್ಲ. 1998ರ ರೋಮ್ ಒಪ್ಪಂದದ ಫಲವಾಗಿ 2002ರ ಜುಲೈ 1ರಂದು ಅಸ್ತಿತ್ವಕ್ಕೆ ಬಂದ ಈ ನ್ಯಾಯಾಲಯಕ್ಕೆ ಸ್ವಂತ ಪೊಲೀಸಿನವನು ಒಬ್ಬನೂ ಇಲ್ಲ. ಅದರ ವಾರಂಟನ್ನು ಆಯಾ ದೇಶದ ಪೊಲೀಸರೇ ಜಾರಿಮಾಡಬೇಕು.

ಆದರೆ ಪೊಲೀಸನ ಅಧಿಕಾರ ಹುಟ್ಟುವುದು ತನ್ನ ನಾಡಿನ ಕಾಯಿದೆಯಿಂದ. ಒಪ್ಪಂದಕ್ಕೆ ಸೇರದ ಅಮೆರಿಕ, 2002ರ ಕಾಯಿದೆಯೊಂದರ ಮೂಲಕ, ಸಂಸ್ಥಾನಗಳ ಮತ್ತು ಸ್ಥಳೀಯ ಆಡಳಿತಗಳ ಯಾವ ಅಂಗವೂ ಈ ನ್ಯಾಯಾಲಯದ ಕೋರಿಕೆಗೆ ಸಹಕರಿಸಕೂಡದೆಂದು ವಿಧಿಸಿತು. ಹಾಗಿರುವಾಗ, ಇಸ್ರೇಲಿನ ಅಂದಿನ ಪ್ರಧಾನಿ ನೆತನ್ಯಾಹು ಅವರ ಮೇಲೆ 2024ರ ನವೆಂಬರಿನಲ್ಲಿ ಹೊರಟ ವಾರಂಟನ್ನು ನ್ಯೂಯಾರ್ಕಿನ ಪೊಲೀಸರು ಜಾರಿಮಾಡಲು ಮೇಯರರ ಇಚ್ಛೆಯೊಂದೇ ಸಾಲದು.

ಕಾಯಿದೆ ಇದ್ದರೆ ಸಾಕೆ? ಸುಡಾನಿನ ಅಂದಿನ ಅಧ್ಯಕ್ಷ ಒಮರ್ ಅಲ್ ಬಷೀರರ ಪ್ರಕರಣವನ್ನು ನೋಡಬಹುದು. ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು 3 ಲಕ್ಷ ಜನ ಮಡಿದ ದಾರ್‌ಫುರ್ ದುರಂತದ ಸಂಬಂಧ, ಅವರ ಮೇಲೆ 2009ರಲ್ಲಿಯೂ 2010ರಲ್ಲಿಯೂ ವಾರಂಟು ಹೊರಟಿದ್ದುವು. 2015ರ ಜೂನಿನಲ್ಲಿ ಆಫ್ರಿಕನ್ ಒಕ್ಕೂಟದ ಸಮ್ಮೇಳನಕ್ಕೆಂದು ಅವರು ದಕ್ಷಿಣ ಆಫ್ರಿಕಕ್ಕೆ ಬಂದರು. ಆ ದೇಶ ಒಪ್ಪಂದಕ್ಕೆ ಸೇರಿತ್ತು. ಅದನ್ನು ಜಾರಿಗೊಳಿಸುವ ಕಾಯಿದೆಯನ್ನೂ 2002ರಲ್ಲಿ ಮಾಡಿತ್ತು. ಬಷೀರರು ದೇಶ ಬಿಡಕೂಡದೆಂದು ಪ್ರಿಟೋರಿಯದ ಉಚ್ಚ ನ್ಯಾಯಾಲಯ ಜೂನ್ 14ರಂದು ಆಜ್ಞಾಪಿಸಿತು. ಸಮ್ಮೇಳನದ ಅತಿಥಿಗೆ ರಕ್ಷಣೆಯುಂಟೆಂದು ಸರ್ಕಾರ ವಾದಿಸಿತು. ಮರುದಿನ ನ್ಯಾಯಾಲಯ ಬಂಧನಕ್ಕೆ ಆದೇಶ ನೀಡುವ ಹೊತ್ತಿಗೆ, ವಾಟರ್‌ಕ್ಲೂಫ್ ಸೈನಿಕ ನೆಲೆಯಿಂದ ಅವರ ವಿಮಾನ ಹಾರಿಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಅಲ್ಲಿ ನಿಜವಾಯಿತು. ಅದೇ ಅಕ್ಟೋಬರಿನಲ್ಲಿ ಅವರು ದೆಹಲಿಯ ಸಮ್ಮೇಳನಕ್ಕೂ ಬಂದು ಹೋದರು. ಭಾರತ ಒಪ್ಪಂದಕ್ಕೆ ಸೇರಿದ ದೇಶವಲ್ಲ.

ಇದಕ್ಕೆ ಎದುರಾದ ನಿದರ್ಶನವೂ ಉಂಟು. ಫಿಲಿಪೀನ್ಸ್ 2019ರಲ್ಲಿಯೇ ಒಪ್ಪಂದವನ್ನು ತೊರೆದಿತ್ತು. ಆದರೂ 2025ರ ಮಾರ್ಚ್ 11ರಂದು ಮಾಜಿ ಅಧ್ಯಕ್ಷ ದುತೆರ್ತೆಯವರನ್ನು ಮನಿಲಾದಲ್ಲಿ ಅಲ್ಲಿನ ಪೊಲೀಸರು ಹಿಡಿದರು. ಅಂದೇ ರಾತ್ರಿ ವಿಮಾನ ಹೇಗ್‌ನತ್ತ ಹೊರಟಿತು. ಇದಕ್ಕೆ ಸರ್ಕಾರ ಆಧಾರವಾಗಿ ತೋರಿಸಿದ್ದು 2009ರ ತನ್ನದೇ ಕಾಯಿದೆಯನ್ನು. ಆದರೆ ಬಂಧಿತನನ್ನು ಮೊದಲು ಸ್ಥಳೀಯ ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಬೇಕೆಂಬುದು ರೋಮ್ ಒಪ್ಪಂದದ 59ನೆಯ ವಿಧಿ. ಅದು ನಡೆಯಲಿಲ್ಲವೆಂಬ ಆಕ್ಷೇಪ ಅಲ್ಲಿ ಎದ್ದಿತು.

ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹೊರನಾಡಿನ ಕಾಗದವೊಂದನ್ನು ಹಿಡಿದು ಪೊಲೀಸನು ಯಾರ ಹೆಗಲ ಮೇಲಾದರೂ ಕೈಯಿಡಬಹುದಾದರೆ, ಸಾಮಾನ್ಯ ಪ್ರಜೆಗೆ ಉಳಿಗಾಲವೆಲ್ಲಿ? ಕಾಯಿದೆ ಹಾಕುವ ಮಿತಿ ಪ್ರಜೆಯ ರಕ್ಷಣೆಗಾಗಿ ಇರುವಂಥದು. ಕಾಯಿದೆ ಇದ್ದೂ ಆಳುವವರು ಕಣ್ಣು ಮುಚ್ಚಿಕೊಳ್ಳುವುದು ಬೇರೆಯೇ ಮಾತು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು, ದಾರ್‌ಫುರದಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ ಮಾಡುವ ಎರಡನೆಯ ಅನ್ಯಾಯ.