ಮಳೆ ರಜೆಯ ಮಧ್ಯಾಹ್ನ: ಮಕ್ಕಳ ಬಟ್ಟಲಲ್ಲಿ ಏನುಂಟು?

ಶಾಲೆ ಇರುವ ದಿನ ಮಧ್ಯಾಹ್ನದ ಊಟದ ಚಿಂತೆ ಅಷ್ಟಾಗಿ ಇರುವುದಿಲ್ಲ. ಸರಕಾರಿ ಶಾಲೆಗೆ ಹೋಗುವ ಮಕ್ಕಳಿಗೆ ಅಲ್ಲೇ ಬಿಸಿಯೂಟ ಸಿಗುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಬುತ್ತಿ ಕೊಂಡುಹೋಗುತ್ತಾರೆ. ಉಮ್ಮಂದಿರಿಗೆ ತಲೆಬಿಸಿ ಶುರುವಾಗುವುದು ಮಕ್ಕಳು ಮನೆಯಲ್ಲೇ ಇರುವ ದಿನ. ಶನಿವಾರದ ಅರ್ಧ ದಿನ, ಆದಿತ್ಯವಾರ, ಏಪ್ರಿಲ್-ಮೇ ತಿಂಗಳ ರಜೆ. ಅದು ಸಾಲದು ಎಂಬಂತೆ ಜೂನ್-ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಘೋಷಿಸುವ ಮಳೆ ರಜೆ ಬೇರೆ. "ಇವತ್ತು ಶಾಲೆ ಇಲ್ಲ" ಎಂಬ ಮೆಸೇಜ್ ಬಂದ ಕೂಡಲೇ ಮಕ್ಕಳು ಕುಣಿಯುತ್ತಾರೆ, ಉಮ್ಮ ಮಾತ್ರ ಅಡುಗೆ ಕೋಣೆಯ ಡಬ್ಬಿಗಳನ್ನು ತೆರೆದು ನೋಡುತ್ತಾಳೆ.

ಅದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮೀನೂ ಕಡಿಮೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಿಗುವ ಅಲ್ಪಸ್ವಲ್ಪ ಮೀನಿಗೆ ಕೈ ಹಾಕಲಿಕ್ಕಾಗದಷ್ಟು ರೇಟು. ಹಾಗಾಗಿ ಅನ್ನ, ಸಾರು, ಉಪ್ಪಿನಕಾಯಿ, ಮರುದಿನವೂ ಅದೇ. ಮಕ್ಕಳು ಎರಡು ತುತ್ತು ತಿಂದು ಏಳುತ್ತಾರೆ. ಮೂರು ಗಂಟೆಗೆ ಹಸಿವಾದಾಗ ಅಂಗಡಿಯ ಐದು ರೂಪಾಯಿಯ ಪ್ಯಾಕೆಟ್, ಚಾ, ಬಿಸ್ಕೆಟ್. ಸಂಜೆ ಮದ್ರಸದಲ್ಲಿ "ಮಧ್ಯಾಹ್ನ ಏನು ಉಂಡಿರಿ ಮಕ್ಕಳೇ?" ಎಂದು ಕೇಳಿ ನೋಡಿ. ಅರ್ಧದಷ್ಟು ಮಕ್ಕಳ ಉತ್ತರ ಇದುವೇ. ಹೊಟ್ಟೆ ತುಂಬದ ಮಗುವಿನ ಕಣ್ಣು ಕಿತಾಬಿನ ಮೇಲೆ ನಿಲ್ಲುವುದಿಲ್ಲ. ಇದು ಕಲಿಸುವ ಎಲ್ಲರಿಗೂ ಗೊತ್ತಿರುವ ವಿಷಯ.

ಮಕ್ಕಳಿಗೆ ದಿನಕ್ಕೊಂದು ಹೊಸ ಊಟ ಬೇಕೆಂದರೆ ಯೂಟ್ಯೂಬ್ ನೋಡಿ ಚೀಸ್, ಸಾಸ್ ತರಬೇಕಾಗಿಲ್ಲ. ಮನೆಯಲ್ಲಿರುವ ಅಕ್ಕಿ, ತೆಂಗಿನಕಾಯಿ, ಮೊಟ್ಟೆ, ಕಾಳು, ಹಿತ್ತಿಲ ಸೊಪ್ಪು, ಇಷ್ಟರಲ್ಲೇ ವಾರವಿಡೀ ಬೇರೆ ಬೇರೆ ಊಟ ಮಾಡಬಹುದು. ಮಾಡಿದ್ದು ಯಾರ ಬಟ್ಟಲಿಗೆ ಎಷ್ಟು ಬೀಳುತ್ತದೆ ಎಂಬುದನ್ನೂ ಸ್ವಲ್ಪ ನೋಡಬೇಕು. ಆ ಮಾತಿಗೆ ಕೊನೆಗೆ ಬರುತ್ತೇನೆ.

ಒಂದೇ ಅಕ್ಕಿ, ಬೇರೆ ಬೇರೆ ಊಟ

ನಮ್ಮ ಕುಚ್ಚಲಕ್ಕಿಯನ್ನು ಕೆಲವು ಮಕ್ಕಳು "ದಪ್ಪ ಅನ್ನ ಬೇಡ" ಎಂದು ದೂರ ಮಾಡುತ್ತಾರೆ. ಆದರೆ ಭತ್ತವನ್ನು ಬೇಯಿಸಿ ಒಣಗಿಸುವಾಗ ಸಿಪ್ಪೆಯ ಹತ್ತಿರದ ಬಿ ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ. ಹಾಗಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಇದು ಮಕ್ಕಳಿಗೆ ಒಳ್ಳೆಯದು. ಅನ್ನವಾಗಿ ಬೇಡ ಎಂದವರಿಗೆ ಗಂಜಿಯಾಗಿ ಕೊಡಿ. ಜೋರು ಮಳೆಗೆ ಬಿಸಿ ಗಂಜಿ, ಒಂದು ಚಮಚ ತುಪ್ಪ, ಸುಟ್ಟ ಮೆಣಸಿನ ತೆಂಗಿನಕಾಯಿ ಚಟ್ನಿ, ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ. ಇದಕ್ಕಿಂತ ಸುಲಭದ ಊಟ ಇಲ್ಲ. ಗಂಜಿಗೆ ಒಂದು ಹಿಡಿ ಹೆಸರುಕಾಳು ಸೇರಿಸಿಯೇ ಬೇಯಿಸಿದರೆ ಅದೇ ಪೂರ್ತಿ ಊಟವಾಗುತ್ತದೆ.

ತೆಂಗಿನಕಾಯಿ ಹಾಲಿನ ಅನ್ನವನ್ನು ಬೇಡ ಎನ್ನುವ ಮಗುವನ್ನು ನಾನು ಕಂಡಿಲ್ಲ. ಬೆಳ್ತಿಗೆ ಅಕ್ಕಿ ಒಂದು ಕಪ್, ತೆಳು ಕಾಯಿಹಾಲು ಎರಡು ಕಪ್, ಅರ್ಧ ಚಮಚ ಮೆಂತೆ, ನಾಲ್ಕೈದು ಸಣ್ಣ ನೀರುಳ್ಳಿ, ಉಪ್ಪು. ಎಲ್ಲವನ್ನೂ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಮುಗಿಯಿತು. ಇದರೊಟ್ಟಿಗೆ ಕಡಲೆ ಗಸಿಯೂ ಆಗುತ್ತದೆ, ಮೊಟ್ಟೆ ಸಾರೂ ಆಗುತ್ತದೆ.

ಅನ್ನ ಮಿಕ್ಕಿದರೆ ಮೊಟ್ಟೆ ಅನ್ನ. ನೀರುಳ್ಳಿ, ಕ್ಯಾರೆಟ್, ಬೀನ್ಸ್ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಮೊಟ್ಟೆ ಒಡೆದು ಹಾಕಿ ಕೆದಕಿ, ಅನ್ನ ಮತ್ತು ಕಾಳುಮೆಣಸಿನ ಹುಡಿ ಸೇರಿಸಿ. ಇಬ್ಬರು ಮಕ್ಕಳಿಗೆ ಎರಡು ಮೊಟ್ಟೆ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಉಂಟು. ಆದರೆ ಉಳಿದ ಅನ್ನವನ್ನು ಹೊರಗೆ ಇಡಬೇಡಿ. ಬಿಸಿ ಆರಿದ ಕೂಡಲೇ ಫ್ರಿಜ್ಜಿಗೆ ಹೋಗಲಿ, ಮರುದಿನವೇ ಮುಗಿಯಲಿ.

ಬೆಳಗ್ಗಿನ ಪುಂಡಿ ಮಿಕ್ಕಿದ್ದರೆ ಅದನ್ನೂ ಕೈಯಲ್ಲಿ ಹುಡಿ ಮಾಡಿ ಸಾಸಿವೆ, ಬೇವಿನ ಸೊಪ್ಪಿನ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಕೊಡಬಹುದು. ಸಮಯ ಇದ್ದ ದಿನ ಪುಂಡಿಯನ್ನೇ ಗೋಲಿಯಷ್ಟು ಸಣ್ಣದಾಗಿ ಉರುಟು ಮಾಡಿ, ಹಬೆಯಲ್ಲಿ ಬೇಯಿಸಿ ಕೋಳಿ ಸಾರಿಗೆ ಹಾಕಿ. ಉರುಟು ಮಾಡುವ ಕೆಲಸ ಮಕ್ಕಳಿಗೇ ಕೊಡಿ, ಗಂಡು ಮಕ್ಕಳಿಗೂ ಕೊಡಿ. ತಾನೇ ಮಾಡಿದ್ದನ್ನು ಮಗು ಬಿಟ್ಟು ಏಳುವುದಿಲ್ಲ. ಮಳೆ ರಜೆಯಲ್ಲಿ ಒಂದು ಗಂಟೆ ಮೊಬೈಲ್ ಕೆಳಗೆ ಇಡಿಸಿದ ಹಾಗೂ ಆಯಿತು.

ಪತ್ತಿರ್ ಅಥವಾ ಚಪಾತಿ ಇದ್ದರೆ ಅದರೊಳಗೆ ನಿನ್ನೆಯ ಕೋಳಿ ಸುಕ್ಕ, ಇಲ್ಲವೇ ಬೇಯಿಸಿ ಜಜ್ಜಿದ ಕಡಲೆ, ಇಲ್ಲವೇ ಮೊಟ್ಟೆ ಬುರ್ಜಿ ಇಟ್ಟು ಸುರುಳಿ ಸುತ್ತಿ. ಒಳಗೆ ನಾಲ್ಕು ಎಸಳು ಸೌತೆಕಾಯಿ, ನೀರುಳ್ಳಿ, ಸ್ವಲ್ಪ ಲಿಂಬೆ ಹುಳಿ. ಪೇಟೆಯಲ್ಲಿ ಇದಕ್ಕೆ ರೋಲ್ ಎಂದು ಹೆಸರು, ನೂರು ರೂಪಾಯಿ. ಮನೆಯಲ್ಲಿ ಇದಕ್ಕೆ ನಿನ್ನೆಯ ಪದಾರ್ಥ ಸಾಕು.

ಮೀನು ಇಲ್ಲದ ಎರಡು ತಿಂಗಳು

ಮೀನಿಲ್ಲದಿದ್ದರೆ ಊಟವೇ ಇಲ್ಲ ಎನ್ನುವ ಮಕ್ಕಳು ನಮ್ಮಲ್ಲಿ ಕಡಿಮೆ ಏನಲ್ಲ. ಆ ದಿನಗಳಲ್ಲಿ ಕಾಳುಗಳನ್ನು ಮೀನಿನ ಮಸಾಲೆಯಲ್ಲೇ ಬೇಯಿಸಿ ನೋಡಿ. ಕಡಲೆ ಸುಕ್ಕ, ಹೆಸರುಕಾಳಿನ ಗಸಿ, ಹುರುಳಿ ಸಾರು ಇವಕ್ಕೆ ಅದೇ ಒಣಮೆಣಸು, ಕೊತ್ತಂಬರಿ, ಹುಣಸೆ, ಕಾಯಿಯ ಅರಪ್ಪು ಹಾಕಿದರೆ ಮಕ್ಕಳ ನಾಲಿಗೆಗೆ ಪರಿಚಯದ ರುಚಿ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಎರಡು ಹಿಡಿ ಕಡಲೆ ನೀರಿಗೆ ಹಾಕುವುದು, ಅಷ್ಟೇ ಕೆಲಸ. ಬೆಳಗ್ಗೆ ಕುಕ್ಕರಿಗೆ ಹಾಕಿದರೆ ಆಯಿತು. 100 ಗ್ರಾಂ ಒಣ ಕಡಲೆಯಲ್ಲಿ ಪ್ರೊಟೀನ್ 18ರಿಂದ 20 ಗ್ರಾಂ ಇರುತ್ತದೆ. ಅದರ ಬೆಲೆ ಒಂದು ತುಂಡು ಅಂಜಲ್ ಮೀನಿನ ಹತ್ತಿರಕ್ಕೂ ಬರುವುದಿಲ್ಲ.

ಮೇ ತಿಂಗಳಲ್ಲಿ ಒಣಗಿಸಿ ಇಟ್ಟ ಹಲಸಿನ ಬೀಜ ಇದ್ದರೆ ಹರಿವೆ ಸೊಪ್ಪಿನೊಟ್ಟಿಗೆ ಪಲ್ಯ ಮಾಡಿ. ಒಣ ಸಿಗಡಿ ಇದ್ದರೆ ಎರಡು ಮೂರು ನೀರಲ್ಲಿ ತೊಳೆದು, ಹುರಿದು, ಕಾಯಿತುರಿ ಮತ್ತು ಹುಣಸೆಯೊಟ್ಟಿಗೆ ಚಟ್ನಿ ಮಾಡಿ. ಅದರಲ್ಲಿ ಉಪ್ಪು ಮೊದಲೇ ಇರುವುದರಿಂದ ಬೇರೆ ಉಪ್ಪು ಹಾಕುವಾಗ ಕೈ ಹಿಡಿಯಬೇಕು. ಒಣ ಮೀನು ವಾರಕ್ಕೊಮ್ಮೆ ರುಚಿಗೆ ಸರಿ, ಮಕ್ಕಳಿಗೆ ದಿನವೂ ಬೇಡ.

ಕೆಲವೊಮ್ಮೆ ನೂಡಲ್ಸ್ ಮಾಡಲೇಬೇಕಾಗುತ್ತದೆ. ಮಗು ಹಠ ಹಿಡಿದಿದೆ, ಉಮ್ಮನಿಗೆ ಜ್ವರ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಾಡಿ, ತೊಂದರೆ ಇಲ್ಲ. ಮಸಾಲೆ ಪ್ಯಾಕೆಟ್ ಅರ್ಧ ಮಾತ್ರ ಹಾಕಿ, ಒಂದು ಮೊಟ್ಟೆ ಒಡೆದು ಹಾಕಿ, ಒಂದು ಹಿಡಿ ಕ್ಯಾರೆಟ್ ಅಥವಾ ಬಟಾಣಿ ಸೇರಿಸಿ. ಅದು ದಿನವೂ ಆಗಬಾರದು, ಅಷ್ಟೇ.

ಮೀನು ಸಿಕ್ಕಾಗ

ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ಬೂತಾಯಿ, ಬಂಗುಡೆ ಬರುತ್ತದೆ. ಸಣ್ಣ ಮಕ್ಕಳು ಮೀನು ಬಿಡುವುದು ರುಚಿಗಲ್ಲ, ಮುಳ್ಳಿನ ಹೆದರಿಕೆಗೆ. ಬೂತಾಯಿಯನ್ನು ಹುಣಸೆ ಹುಳಿ, ಮೆಣಸು, ಅರಸಿನ ಹಾಕಿ, ಮುಳುಗುವಷ್ಟು ನೀರಿನಲ್ಲಿ ಕುಕ್ಕರಿನಲ್ಲಿಟ್ಟು ಎರಡು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬಿಡಿ. ಸಪೂರ ಮುಳ್ಳು ಮೆತ್ತಗಾಗಿ ತಿನ್ನಲಿಕ್ಕೆ ಬರುತ್ತದೆ, ಅದರ ಕ್ಯಾಲ್ಸಿಯಂ ಕೂಡ ಹೊಟ್ಟೆಗೆ ಹೋಗುತ್ತದೆ. ತೀರ ಸಣ್ಣ ಮಕ್ಕಳಿಗಾದರೆ ಆಗಲೂ ನಡು ಮುಳ್ಳು ತೆಗೆದು, ಬೆರಳಲ್ಲಿ ಒತ್ತಿ ನೋಡಿಯೇ ಕೊಡಿ.

ನಾಲ್ಕು ಬಂಗುಡೆ ಬೇಯಿಸಿ ಮುಳ್ಳು ತೆಗೆದು, ಎರಡು ಬೇಯಿಸಿದ ಬಟಾಟೆ, ಹಸಿಮೆಣಸು, ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ಜಜ್ಜಿ, ವಡೆಯ ಹಾಗೆ ತಟ್ಟಿ ಕಾವಲಿಯಲ್ಲಿ ಕಾಯಿಸಿದರೆ ನಾಲ್ಕು ಮಕ್ಕಳ ಊಟ ಆರಾಮವಾಗಿ ಆಗುತ್ತದೆ. ಇಡೀ ಮೀನು ಕಾಯಿಸಿ ಕೊಟ್ಟರೆ ಅದೇ ನಾಲ್ಕು ಬಂಗುಡೆ ಸಾಲುವುದಿಲ್ಲ.

ಸೊಪ್ಪು ತಿನ್ನದ ಮಕ್ಕಳಿಗೆ

ನುಗ್ಗೆ ಸೊಪ್ಪನ್ನು ಪಲ್ಯ ಮಾಡಿದರೆ ಮಕ್ಕಳು ಬದಿಗೆ ಸರಿಸುತ್ತಾರೆ. ಅದನ್ನೇ ಮೊಟ್ಟೆ ಕದಡಿ ಆಮ್ಲೆಟ್‌ಗೆ ಹಾಕಿ, ಇಲ್ಲವೇ ಅಕ್ಕಿರೊಟ್ಟಿಯ ಹಿಟ್ಟಿಗೆ ಕಾಯಿತುರಿ, ನೀರುಳ್ಳಿಯೊಟ್ಟಿಗೆ ಕಲಸಿ. ಬಸಳೆಯನ್ನು ತೊಗರಿಬೇಳೆಯೊಟ್ಟಿಗೆ ಬೇಯಿಸಿ ಸಾರು ಮಾಡಿ. ಮಳೆ ಬಿದ್ದ ಕೂಡಲೇ ಬೇಲಿ ಬದಿಯಲ್ಲಿ ತಾನಾಗಿ ಹುಟ್ಟುವ ತಜಂಕ್ ಸೊಪ್ಪಿಗೆ ಹಣ ಕೊಡಬೇಕಾಗಿಲ್ಲ. ಎಳೆಯದು ಇರುವಾಗ ಕೊಯ್ದರೆ ಸಾಕು.

ಸೊಪ್ಪು, ಕಾಳಿನ ಊಟದ ಮೇಲೆ ಅರ್ಧ ಲಿಂಬೆ ಹಿಂಡುವ ಅಭ್ಯಾಸ ಮಾಡಿ. ಲಿಂಬೆ, ನೆಲ್ಲಿಕಾಯಿ, ಪೇರಳೆ ಹಣ್ಣಿನ ವಿಟಮಿನ್ ಸಿ ಇದ್ದರೆ ಸೊಪ್ಪಿನ, ಕಾಳಿನ ಕಬ್ಬಿಣದ ಅಂಶವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಚಾ ಇದಕ್ಕೆ ಪೂರ್ತಿ ಉಲ್ಟಾ. ಊಟ ಆದ ಕೂಡಲೇ ಮಕ್ಕಳಿಗೂ ಒಂದು ಗ್ಲಾಸ್ ಚಾ ಕೊಡುವ ಮನೆಗಳು ನಮ್ಮಲ್ಲಿ ತುಂಬಾ ಉಂಟು. ಆ ಚಾ ತಿಂದ ಕಬ್ಬಿಣದ ಅಂಶ ದೇಹಕ್ಕೆ ಸೇರದ ಹಾಗೆ ಮಾಡುತ್ತದೆ. ಕುಡಿಯಲೇಬೇಕಾದರೆ ಒಂದು ಗಂಟೆ ಬಿಟ್ಟು ಕುಡಿಯಲಿ.

ಸಿಹಿ ಬೇಕೆಂದರೆ ಅಂಗಡಿಯ ಕೇಕ್‌ಗಿಂತ ರಾಗಿ ಮಣ್ಣಿ ಒಳ್ಳೆಯದು. ನೆನೆಸಿದ ರಾಗಿ ಅರೆದು, ಸೋಸಿ, ಕಾಯಿಹಾಲು ಮತ್ತು ಬೆಲ್ಲ ಹಾಕಿ ಕಾಯಿಸಿ, ಬಟ್ಟಲಿಗೆ ಸುರಿದು ತುಂಡು ಮಾಡುವುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಉಂಟು. ಬೇರೆ ಯಾವ ಧಾನ್ಯದಲ್ಲೂ ಅಷ್ಟು ಸಿಗುವುದಿಲ್ಲ.

ಹೆಣ್ಣು ಮಕ್ಕಳ ಬಟ್ಟಲು

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಮನೆಯಲ್ಲಿ ಹತ್ತು ಬಗೆ ಮಾಡಿದರೂ ಕೆಲವರಿಗೆ ಅದು ಸಿಗುವುದೇ ಇಲ್ಲ. ಹನ್ನೆರಡು, ಹದಿಮೂರು ವರ್ಷದ ಮಗಳು ಉಮ್ಮನೊಟ್ಟಿಗೆ ನಿಂತು ಎಲ್ಲರಿಗೂ ಬಡಿಸುತ್ತಾಳೆ. ಗಂಡಸರು, ನೆಂಟರು, ತಮ್ಮಂದಿರು ಉಂಡ ಮೇಲೆ ಅವಳು ಕೂರುತ್ತಾಳೆ. ಅಷ್ಟರಲ್ಲಿ ಪಾತ್ರೆಯಲ್ಲಿ ಗಸಿ ಉಂಟು, ಮೀನು ಇಲ್ಲ. ಕೋಳಿಯ ತುಂಡು ಮುಗಿದಿದೆ, ಮಸಾಲೆ ಉಳಿದಿದೆ. "ನನಗೆ ಸಾಕು ಉಮ್ಮಾ" ಎಂದು ಅವಳೂ ಹೇಳಿಬಿಡುತ್ತಾಳೆ. ಯಾರೂ ಬೇಕೆಂದು ಮಾಡುವುದಲ್ಲ ಇದು. ರೂಢಿಯಾಗಿಬಿಟ್ಟಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಉಂಟು. ಅಂದರೆ ಹತ್ತರಲ್ಲಿ ಆರು ಹುಡುಗಿಯರು. ಬೇಗ ಸುಸ್ತಾಗುವುದು, ತಲೆ ತಿರುಗುವುದು, ಓದಿದ್ದು ತಲೆಗೆ ಹೋಗದಿರುವುದು ಅದರ ಲಕ್ಷಣ. ನಾವು ಅದನ್ನು "ಇವಳಿಗೆ ಉದಾಸೀನ" ಎಂದು ಬೈದು ಬಿಡುತ್ತೇವೆ. ದೇಹ ಬೆಳೆಯುವ, ಮುಟ್ಟು ಶುರುವಾಗುವ ಆ ಪ್ರಾಯದಲ್ಲಿ ಮನೆಯ ಉಳಿದ ಮಕ್ಕಳಿಗಿಂತ ಅವಳಿಗೇ ಕಬ್ಬಿಣದ ಅಂಶ ಹೆಚ್ಚು ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಹೊಟ್ಟೆ ತುಂಬಿದ ಮೇಲೆ ನುಂಗಬೇಕು. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ ಬಂದು ಮಕ್ಕಳು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ.

ಮನೆಯಲ್ಲಿ ಇದಕ್ಕೊಂದು ಸುಲಭ ದಾರಿ ಉಂಟು. ಬಡಿಸುವ ಮೊದಲೇ ತಲೆ ಎಣಿಸಿ ತುಂಡು ಪಾಲು ಮಾಡಿ. ಐದು ಜನ ಇದ್ದರೆ ಐದು ಪಾಲು. ಮೊಟ್ಟೆ ನಾಲ್ಕೇ ಇದ್ದರೆ ಅರ್ಧರ್ಧ ಮಾಡಿ. ಮಗಳ ಪಾಲನ್ನು, ಉಮ್ಮನ ಪಾಲನ್ನು ಬೇರೆ ಬಟ್ಟಲಲ್ಲಿ ಮುಚ್ಚಿಡಿ. ಆಗುವುದಾದರೆ ಮಕ್ಕಳೆಲ್ಲರನ್ನೂ ಒಂದೇ ಸುಪ್ರದಲ್ಲಿ ಒಟ್ಟಿಗೆ ಕೂರಿಸಿ, ಬಿಸ್ಮಿ ಹೇಳಿಸಿ ಶುರು ಮಾಡಿ. ಗಲ್ಫ್‌ನಲ್ಲಿರುವ ಉಪ್ಪಂದಿರಿಗೂ ಒಂದು ಮಾತು. ದಿನವೂ ಫೋನಲ್ಲಿ "ಊಟ ಆಯಿತಾ?" ಎಂದು ಕೇಳುತ್ತೀರಿ. ಇನ್ನು ಮೇಲೆ "ಬಟ್ಟಲಲ್ಲಿ ಏನಿತ್ತು?" ಎಂದು ಕೇಳಿ, ಮಗಳ ಹತ್ತಿರ ಮೊದಲು ಕೇಳಿ.

ಒಂದು ವಾರಕ್ಕೆ ಹೀಗೆ ಮಾಡಬಹುದು

ಶನಿವಾರ: ಹೆಸರುಕಾಳಿನ ಗಂಜಿ, ಚಟ್ನಿ, ಬೇಯಿಸಿದ ಮೊಟ್ಟೆ.
ಆದಿತ್ಯವಾರ: ಕೋಳಿ ಸಾರಿನಲ್ಲಿ ಸಣ್ಣ ಪುಂಡಿ.
ಸೋಮವಾರ: ಮಿಕ್ಕಿದ ಕೋಳಿಯ ಪತ್ತಿರ್ ಸುರುಳಿ, ಸೌತೆಕಾಯಿ.
ಮಂಗಳವಾರ: ಕುಚ್ಚಲಕ್ಕಿ ಅನ್ನ, ಬಸಳೆ-ಬೇಳೆ ಸಾರು, ನುಗ್ಗೆ ಸೊಪ್ಪಿನ ಆಮ್ಲೆಟ್.
ಬುಧವಾರ: ಮೊಟ್ಟೆ ಅನ್ನ, ಒಂದು ಬಾಳೆಹಣ್ಣು.
ಗುರುವಾರ: ಅನ್ನ, ಹುರುಳಿ ಸಾರು, ಹಲಸಿನ ಬೀಜದ ಪಲ್ಯ. ಮೀನು ಸಿಕ್ಕಿದರೆ ಬಂಗುಡೆ ವಡೆ.
ಶುಕ್ರವಾರ: ಕಾಯಿಹಾಲಿನ ಅನ್ನ, ಕಡಲೆ ಗಸಿ, ರಾಗಿ ಮಣ್ಣಿ.

ಈ ಪಟ್ಟಿಯನ್ನು ಹಾಗೆಯೇ ಮಾಡಬೇಕೆಂದಿಲ್ಲ. ಮನೆಯಲ್ಲಿ ಏನು ಉಂಟೋ ಅದಕ್ಕೆ ತಕ್ಕ ಹಾಗೆ ಅದಲುಬದಲು ಮಾಡಿಕೊಳ್ಳಿ. ದಿನಕ್ಕೊಂದು ಕಾಳು ಅಥವಾ ಮೊಟ್ಟೆ ಅಥವಾ ಮೀನು, ಒಂದು ಸೊಪ್ಪು ಅಥವಾ ತರಕಾರಿ, ಒಂದು ತುಂಡು ಹುಳಿ ಹಣ್ಣು, ಇಷ್ಟು ತಪ್ಪದಿದ್ದರೆ ಸಾಕು. ಇವತ್ತು ರಾತ್ರಿಯೇ ಎರಡು ಹಿಡಿ ಕಡಲೆ ನೀರಿಗೆ ಹಾಕಿ ಮಲಗಿ. ನಾಳೆ ಮಳೆ ರಜೆ ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ.